ಮಗ ಕಾರ್ಡ್ ಕೇಳಿದ್ರ ಅವ್ವ ಲೆಕ್ಕಾ ಕೇಳಬೇಕು

ಅಕ್ಕಾರ, ವೈನ್ಯಾರ, ಮಕ್ಕಳು ಕಂಪ್ಯೂಟರಿನ ಮಾತು ತಗದ್ರ ನಾವು ಹೆಣ್ಮಕ್ಕಳು ಹೇಳೂದು ಒಂದ ಮಾತು: "ಅದೆಲ್ಲಾ ನಮಗೇನ ತಿಳಿತೈತಿ? ನಿಮ್ಮಪ್ಪನ್ನ ಕೇಳ ಹೋಗು." ಈ ಮಾತು ಬಿಡಬೇಕು ಅಂತೀನಿ ನಾನು. ಯಾಕಂದ್ರ ಕಡೀಕ ರೊಕ್ಕಾ ಹೋಗೂದು ನಮ್ಮ ಸಾಸಿವಿ ಡಬ್ಬಿಯಿಂದನ.

ದೀಪಾವಳಿಗೆ ಮೊದಲ ನಮ್ಮ ಮಗ ಒಂದು ಚೀಟಿ ತಂದು ಕೊಟ್ಟ. ಆರ್‌ಟಿಎಕ್ಸ್ 4060 ಟಿಐ ಗ್ರಾಫಿಕ್ಸ್ ಕಾರ್ಡ್ 36,000, ಫೋರ್-ಕೆ ಮಾನಿಟರ್ 22,000. ಒಟ್ಟು 58,000! "ಹಳೇ ಕಾರ್ಡಿನ್ಯಾಗ ಆಟಾ ನಿಂತು ನಿಂತು ಬರತೈತಿ ಅವ್ವಾ, ಕಂತಿನ ಮ್ಯಾಲ ತೊಗೊಳ್ಳೂಣು" ಅಂದ. ನಾನು ಬ್ಲೌಸ್ ಹೊಲದು ಕೂಡಿಸಿದ್ದು 55,000 ಇತ್ತು. ಅದರಾಗ 30,000 ಮಗಳ ಕಾಲೇಜ್ ಫೀಗೆ ಇಟ್ಟದ್ದು. ಅವರಪ್ಪ "ಆಟಕ್ಕ ಒಂದ ಪೈಸಾ ಕೊಡೂದಿಲ್ಲ" ಅಂದು ಹೊಲಕ್ಕ ಹೋದ್ರು. ಎರಡು ದಿನಾ ಮನ್ಯಾಗ ಮಾತಿಲ್ಲ, ಕತಿಯಿಲ್ಲ.

ಮೂರನೇ ದಿನಾ ರೊಟ್ಟಿ ಬಡಕೋತ ಮಗನ್ನ ಬಾಜೂಕ ಕುಂದ್ರಿಸಿಕೊಂಡೆ. "ಇವೆರಡೂ ಏನ ಕೆಲಸಾ ಮಾಡ್ತಾವ, ನನಗ ತಿಳಿಯೂವಂಗ ಹೇಳು" ಅಂದೆ.

ಅಂವ ಹೇಳಿದ್ದು ಇಷ್ಟು. ಪರದೆ ಅಂದ್ರ ಸಣ್ಣ ಸಣ್ಣ ಚುಕ್ಕಿ. ಫುಲ್ ಎಚ್‌ಡಿ ಪರದೆಯೊಳಗ 20 ಲಕ್ಷದ ಮ್ಯಾಲ ಚುಕ್ಕಿ ಇರ್ತಾವ, ಫೋರ್-ಕೆದಾಗ ಅದರ ನಾಕು ಪಟ್ಟು. ಸೆಕೆಂಡಿಗೆ ಹತ್ತಾರು ಸಲ ಆ ಎಲ್ಲಾ ಚುಕ್ಕಿಗೂ ಬಣ್ಣಾ ತುಂಬೂದು ಕಾರ್ಡಿನ ಕೆಲಸ.

"ಹಂಗಾದ್ರ ಆ ಪರದೆ ತಂದ್ರ ಕಾರ್ಡಿಗೆ ನಾಕು ಪಟ್ಟು ದುಡಿತ ಹಚ್ಚಿದಂಗ ಆತಲ್ಲೋ?"

ಹುಡುಗ ಸುಮ್ಮನಾದ. ಎತ್ತಿನ ಜೋಡಿ ಕಟ್ಟಿದ ಮನಿಯವರಿಗೆ ಇದು ತಿಳೀದಂಥಾ ಮಾತೇನಲ್ಲ. ಒಂದು ಎತ್ತು ಜೋರು, ಒಂದು ಬಡಕಲು ಇದ್ರ ನೊಗ ಸೊಟ್ಟ ಆಗತೈತಿ. ಕಾರ್ಡು, ಪರದೆ ಜೋಡಿ ಆಗಬೇಕು.

ಆಮ್ಯಾಗ ಕರೆಂಟಿನ ಮಾತು ಕೇಳಿದೆ. ನಮ್ಮ ಡಬ್ಬಿಯೊಳಗಿನ ಪವರ್ ಸಪ್ಲೈ 450 ವ್ಯಾಟಿಂದು. ಅಂವ ಬರದ ಕಾರ್ಡಿಗೆ ಕಂಪನಿಯವರು 550 ಬೇಕಂತಾರ. ಅಂದ್ರ ಚೀಟಿಯೊಳಗ ಇಲ್ಲದ ಇನ್ನೊಂದು ಖರ್ಚು! ಆರ್‌ಎಕ್ಸ್ 6600 ಅನ್ನೂ ಕಾರ್ಡಿಗೆ 450 ಸಾಕು, ಫುಲ್ ಎಚ್‌ಡಿಗೆ ಅದು ಒಳ್ಳೇ ಜೋಡಿ.

ಸೆಕೆಂಡ್ ಹ್ಯಾಂಡ್ ಕಾರ್ಡ್ ಬ್ಯಾಡ ಅಂದೆ. ಹಿಂದ ಒಮ್ಮೆ ಬಿಲ್ ಇಲ್ಲದ ತಂದದ್ದು ಮೂರು ತಿಂಗಳಿಗೇ ಸತ್ತಿತ್ತು. ಹಗಲು ರಾತ್ರಿ ಎಥೀರಿಯಂ ನಾಣ್ಯಾ ತಗೀಲಿಕ್ಕೆ ದುಡಿಸಿದ ಕಾರ್ಡುಗಳು, 2022ರ ಸೆಪ್ಟೆಂಬರದಾಗ ಆ ಕೆಲಸಾ ನಿಂತ ಮ್ಯಾಲ, ಸಂತಿಗೆ ಬಂದವು. ತೊಗೊಳ್ಳೂದ ಇದ್ರ ಬಿಲ್ ನೋಡ್ರಿ, ಅರ್ಧಾ ತಾಸು ಆಟಾ ಆಡಿಸಿ ನೋಡ್ರಿ.

ಕಂತಂತೂ ಬ್ಯಾಡೇ ಬ್ಯಾಡ. ನಮ್ಮ ಗದಗ ತಾಲೂಕಿನ ಕಣಗಿನಹಾಳದಾಗ 1905ರಾಗನ ಸಹಕಾರಿ ಸಂಘ ಹುಟ್ಟೇತಿ, ಸಾಲ ನಮಗ ಹೊಸಾದಲ್ಲ. ಆದ್ರ ಬೀಜಕ್ಕ ಮಾಡಿದ ಸಾಲಾ ಬೆಳಿ ಬಂದು ತೀರತೈತಿ. ಕಾರ್ಡಿಗೆ ಯಾವ ಬೆಳಿ ಬರತೈತ್ರಿ?

ಕಡೀಕ ಹುಬ್ಬಳ್ಳಿಗೆ ಹೋಗಿ 21,000ಕ್ಕ ಆರ್‌ಎಕ್ಸ್ 6600, 8,000ಕ್ಕ 24 ಇಂಚಿನ 100 ಹರ್ಟ್ಜ್ ಫುಲ್ ಎಚ್‌ಡಿ ಪರದೆ ತಂದ್ವಿ. ಹಳೇ ಕಾರ್ಡ್ ಅಂವನ ಗೆಳ್ಯಾ 6,000ಕ್ಕ ಒಯ್ದ. ಕೈಯಿಂದ ಹೋದದ್ದು 23,000. ಮಗಳ ಫೀ ಮುಟ್ಟಲಿಲ್ಲ, ಆಕಿ ಓದೂದೂ ಈಗ ಅದ ಪರದೆ ಮ್ಯಾಲ.

ಆಟಕ್ಕ ಇಷ್ಟು ರೊಕ್ಕಾ ಯಾಕ ಅಂತ ನೀವೂ ಕೇಳಬಹುದು. ಜಾತ್ರಿಗೆ ನಾವು ಖರ್ಚ ಮಾಡೂದಿಲ್ಲೇನ್ರಿ? ಮಕ್ಕಳ ಖುಷಿ ದಂಡ ಅಲ್ಲ, ಲೆಕ್ಕಾ ಇಲ್ಲದ ಖರ್ಚು ದಂಡ. ನಿಮ್ಮ ಮನಿಗೂ ಇಂಥಾ ಚೀಟಿ ಬಂದ್ರ ಬೈಬ್ಯಾಡ್ರಿ, ಲಗೂನ ಡಬ್ಬೀನೂ ತಗೀಬ್ಯಾಡ್ರಿ. ಮೊದಲ ಬಾಜೂಕ ಕುಂದ್ರಿಸಿಕೊಂಡು ಕೇಳ್ರಿ.