ಧ್ವನಿಯ ಗುಮಾಸ್ತ

ಮಕ್ಕಳೇ, ನಮ್ಮ ಕಾಖಂಡಕಿ ಮಹಿಪತಿದಾಸರ ಊರು. ದಾಸರ ಪದಗಳನ್ನು ಅಜ್ಜ-ಅಜ್ಜಿಯರು ಈಗ ಮೊಮ್ಮಕ್ಕಳ ಕಂಪ್ಯೂಟರಿನಲ್ಲೂ ಕೇಳುತ್ತಾರೆ. ಒಮ್ಮೊಮ್ಮೆ ಗಾಯಕರ ಬಾಯಿ ಆಡುತ್ತದೆ, ಧ್ವನಿಯೇ ಇಲ್ಲ! "ಸ್ಪೀಕರ್ ಕೆಟ್ಟೈತಿ, ಹೊಸಾದು ತರ್ರಿ" ಎನ್ನುವ ಮುನ್ನ ತುಸು ತಾಳಿ.

ನಾನಿದ್ದ ಬ್ಯಾಂಕಿನಲ್ಲಿ ಗ್ರಾಹಕರು ತಿಜೋರಿಗೆ ಕೈ ಹಾಕುತ್ತಿರಲಿಲ್ಲ; ನಡುವೆ ಗುಮಾಸ್ತನಿರುತ್ತಿದ್ದ. ವಿಂಡೋಸ್‌ಗೂ ಧ್ವನಿಯ ಚಿಪ್‌ಗೂ ನಡುವಿನ ಗುಮಾಸ್ತನೇ ಡ್ರೈವರ್ ಎಂಬ ತಂತ್ರಾಂಶ. ಅವನು ರಜೆ ಹಾಕಿದರೆ ಒಳ್ಳೆಯ ಸ್ಪೀಕರೂ ಮೂಕ. 1989ರಲ್ಲಿ ಸಿಂಗಾಪುರದ ಕಂಪನಿಯ 'ಸೌಂಡ್ ಬ್ಲಾಸ್ಟರ್' ಬಂದಾಗ ಧ್ವನಿಗೆ ಬೇರೆ ಕಾರ್ಡೇ ಬೇಕಿತ್ತು. ಈಗ ಚಿಪ್ ಮದರ್‌ಬೋರ್ಡಿನಲ್ಲೇ ಇರುತ್ತದೆ. ಗುಮಾಸ್ತ ಮಾತ್ರ ಈಗಲೂ ಬೇಕು.

ಮೊದಲು ಸ್ಪೀಕರಿನ ವೈರು ಹಸಿರು ತೂತಿನಲ್ಲಿದೆಯೇ, ವಾಲ್ಯೂಮ್ ಏರಿದೆಯೇ ನೋಡಿ. ಆಮೇಲೆ ಸ್ಟಾರ್ಟ್ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಡಿವೈಸ್ ಮ್ಯಾನೇಜರ್' ತೆರೆಯಿರಿ. 'ಸೌಂಡ್' ಸಾಲಿನಡಿ ಹಳದಿ ಗುರುತಿದ್ದರೆ, ಅದರ ಮೇಲೆ ಬಲಗುಂಡಿ ಒತ್ತಿ 'ಅಪ್‌ಡೇಟ್ ಡ್ರೈವರ್' ಆರಿಸಿ. ಸಿಗದಿದ್ದರೆ ಕಂಪ್ಯೂಟರ್ ತಯಾರಿಸಿದ ಕಂಪನಿಯ ತಾಣದಲ್ಲಿ ಮಾಡೆಲ್ ಸಂಖ್ಯೆ ಕೊಟ್ಟು ಇಳಿಸಿಕೊಳ್ಳಿ. ಹೊಸದು ತಂಟೆ ಮಾಡಿದರೆ 'ಪ್ರಾಪರ್ಟೀಸ್'ನ ಡ್ರೈವರ್ ಪುಟದಲ್ಲಿ 'ರೋಲ್ ಬ್ಯಾಕ್' ಒತ್ತಿ. ಹಳೇ ಗುಮಾಸ್ತ ಮರಳುತ್ತಾನೆ. ಧ್ವನಿ ಚೆನ್ನಾಗಿದ್ದರೆ ಸುಮ್ಮನೆ ಮುಟ್ಟಬೇಡಿ.

"ನಿಮ್ಮ ಡ್ರೈವರ್ ಹಳೆಯದು, ಹಣ ಕಟ್ಟಿ" ಎಂದು ಪರದೆಯ ಮೇಲೆ ಹಾರಿ ಬರುವ ಜಾಹೀರಾತು ನಂಬಬೇಡಿ. ತಯಾರಕರು ಡ್ರೈವರನ್ನು ಪುಕ್ಕಟೆ ಕೊಡುತ್ತಾರೆ. ಓಟಿಪಿಯನ್ನಂತೂ ಯಾರಿಗೂ ಹೇಳಬಾರದು. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮೌಸ್ ಮೊಮ್ಮಕ್ಕಳ ಕೈಯಲ್ಲಿರಲಿ. ದುಡ್ಡಿನ ಮಾತು ಬಂದ ಕೂಡಲೇ ಅಜ್ಜನನ್ನು ಕೂಗಿರಿ.