ತಂತ್ರಾಂಶ ಉಚಿತ, ಓದುವವರೆಲ್ಲಿ?

ಜೀವಕೋಶದೊಳಗೆ ಪ್ರೋಟೀನುಗಳು ಒಂಟಿಯಾಗಿ ದುಡಿಯುವುದು ವಿರಳ. ಒಂದು ಇನ್ನೊಂದನ್ನು ಚುರುಕುಗೊಳಿಸುತ್ತದೆ, ಮತ್ತೊಂದು ಅದನ್ನು ತಡೆಯುತ್ತದೆ. ಇಂಥ ಸಾವಿರಾರು ಸಂಬಂಧಗಳನ್ನು ಚುಕ್ಕಿ ಮತ್ತು ಗೆರೆಗಳ ಜಾಲವಾಗಿ ಕಂಪ್ಯೂಟರ್ ಪರದೆಯ ಮೇಲೆ ಬಿಡಿಸಿ ತೋರಿಸುವ ಉಚಿತ ತಂತ್ರಾಂಶ ಸೈಟೋಸ್ಕೇಪ್. ಚನ್ನಗಿರಿ, ಹೊನ್ನಾಳಿ ಸೀಮೆಯ ರೈತರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಭದ್ರಾ ನಾಲೆಯ ನಕ್ಷೆ ಮುಂದಿಟ್ಟರೆ, ಯಾವ ತೂಬು ಮುಚ್ಚಿದರೆ ಯಾರ ಗದ್ದೆ ಒಣಗುತ್ತದೆಂದು ಅವರು ಬೆರಳಿಟ್ಟು ತೋರಿಸಬಲ್ಲರು. ಔಷಧ ಸಂಶೋಧಕರು ರೋಗಾಣುವಿನ ಜಾಲದಲ್ಲಿ ಹುಡುಕುವುದೂ ಅಂಥದೊಂದು ತೂಬನ್ನೇ.

ಈ ತಂತ್ರಾಂಶವನ್ನು ಕುರಿತ ಪ್ರಬಂಧ 2003ರಲ್ಲಿ ‘ಜೀನೋಮ್ ರಿಸರ್ಚ್’ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಅದೇ ವರ್ಷ, ಅದೇ ನಿಯತಕಾಲಿಕದಲ್ಲಿ ಬೆಂಗಳೂರಿನ ಕೆಲಸವೊಂದೂ ಬೆಳಕು ಕಂಡಿತು. ಅಖಿಲೇಶ್ ಪಾಂಡೆ ಸ್ಥಾಪಿಸಿದ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೊತೆಗೂಡಿ ಕಟ್ಟಿದ ಮಾನವ ಪ್ರೋಟೀನುಗಳ ಮಾಹಿತಿಕೋಶ ಅದು. ಜೀವವಿಜ್ಞಾನ ಬಲ್ಲವರು ಪ್ರಬಂಧಗಳನ್ನು ಒಂದೊಂದಾಗಿ ಓದಿ, ಯಾವ ಪ್ರೋಟೀನು ಯಾವುದರೊಂದಿಗೆ ಕೂಡುತ್ತದೆಂದು ದಾಖಲಿಸಿದರು. 2009ರ ಹೊತ್ತಿಗೆ ಅದರಲ್ಲಿ 38 ಸಾವಿರಕ್ಕೂ ಹೆಚ್ಚು ಸಂಬಂಧಗಳಿದ್ದವು. ಇಂಥ ಓದು ಒದಗಿಸುವ ಮಾಹಿತಿ ಇಲ್ಲದಿದ್ದರೆ ಸೈಟೋಸ್ಕೇಪ್ ಖಾಲಿ ಪರದೆಯಷ್ಟೇ.

ಆ ಮಾಹಿತಿಕೋಶಕ್ಕೆ 2010ರ ಬಳಿಕ ಹೊಸ ಆವೃತ್ತಿ ಬರಲಿಲ್ಲ. ಸೈಟೋಸ್ಕೇಪ್ ಮಾತ್ರ ನವೀಕರಣಗೊಳ್ಳುತ್ತಲೇ ಸಾಗಿದೆ. ಉಪಕರಣಕ್ಕೆ ಸಲೀಸಾಗಿ ಮಂಜೂರಾಗುವ ಹಣ, ಕುಳಿತು ಓದುವವರ ಸಂಬಳಕ್ಕೆ ಹುಟ್ಟುವುದಿಲ್ಲವೆಂಬುದು ನನ್ನ ಗುಮಾನಿ.

ನಮ್ಮ ಬೆಳೆಗಳ ವಿಚಾರಕ್ಕೆ ಬಂದರೆ ಕೊರತೆ ಇನ್ನೂ ದೊಡ್ಡದು. ಮನುಷ್ಯನ ಬಗೆಗೆ, ಯೀಸ್ಟಿನ ಬಗೆಗೆ ಮಾಹಿತಿ ರಾಶಿ ಬಿದ್ದಿದೆ. ಅಡಿಕೆಯ ಬಗೆಗೆ ಅದರ ಅಲ್ಪಾಂಶವೂ ಇಲ್ಲ. ಮೆಕ್ಕೆಜೋಳವನ್ನು ತಿನ್ನುವ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಕಾಣಿಸಿದ್ದು 2018ರಲ್ಲಿ, ಪಕ್ಕದ ಶಿವಮೊಗ್ಗದಲ್ಲಿ. ಜಗಳೂರಿನಂಥ ಮಳೆಯಾಶ್ರಿತ ತಾಲ್ಲೂಕಿನ ಮೆಕ್ಕೆಜೋಳ ಬೆಳೆಗಾರನಿಗೆ ಅದೇನೂ ದೂರದ ಸುದ್ದಿಯಲ್ಲ. ಆ ಹುಳುವನ್ನೂ ಅಡಿಕೆಯ ಎಲೆಚುಕ್ಕೆ ರೋಗವನ್ನೂ ಕುರಿತು ಪ್ರಕಟವಾಗಿರುವುದನ್ನು ಓದಿ ಒಂದೆಡೆ ಕೂಡಿಸುವ ಕೆಲಸವನ್ನು ಇಲ್ಲಿನವರೇ ಏಕೆ ಮಾಡಬಾರದು?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ವಿಜ್ಞಾನ ಪದವೀಧರರಿಗೆ ದುಬಾರಿ ಪ್ರಯೋಗಾಲಯ ದೂರದ ಮಾತು. ಈ ಕೆಲಸಕ್ಕೆ ಸಾಧಾರಣ ಕಂಪ್ಯೂಟರು ಸಾಕು. ದಾವಣಗೆರೆ ವಿಶ್ವವಿದ್ಯಾಲಯ ಇದನ್ನು ಯೋಜನಾಕಾರ್ಯವಾಗಿ ಒಪ್ಪಿಸಬಹುದು. ಪ್ರಬಂಧಗಳ ಇಂಗ್ಲಿಷು ಕನ್ನಡ ಮಾಧ್ಯಮದಿಂದ ಬಂದವರಿಗೆ ತೊಡಕಾದೀತು, ನಿಜ. ಆದರೆ ಒಂದೇ ವಿಷಯದ ಹತ್ತು ಪ್ರಬಂಧ ಓದುವಷ್ಟರಲ್ಲಿ ಅದರ ಪದಕೋಶ ಪರಿಚಯವಾಗಿಬಿಡುತ್ತದೆ. ನನ್ನ ಆತಂಕ ಬೇರೆ. ಪರದೆಯ ಮೇಲೆ ಮೂಡುವ ಸುಂದರ ಜಾಲದಲ್ಲಿ, ಒಂದೇ ಪ್ರಯೋಗವನ್ನು ನೆಚ್ಚಿದ ಗೆರೆಯೂ ಹತ್ತು ಪ್ರಯೋಗಗಳಿಂದ ದೃಢಪಟ್ಟ ಗೆರೆಯೂ ಒಂದೇ ತೆರನಾಗಿ ಕಾಣಬಹುದು. ಆದ್ದರಿಂದ ಪ್ರತಿ ನಮೂದನ್ನೂ ಇಬ್ಬರು ಓದಿ ತಾಳೆ ನೋಡಬೇಕು. ಅದಕ್ಕೆ ಅಧ್ಯಾಪಕರ ಸಮಯವೂ ಓದುವವರಿಗೆ ತಿಂಗಳ ವೇತನವೂ ಬೇಕು.