ದೊಡ್ಡ ಟೆಲಿಸ್ಕೋಪ್ ಬೇಡ, ಸರಿಯಾಗಿ ತಿರುಗುವ ಮೌಂಟ್ ಸಾಕು

ನಮ್ಮ ವಿಜ್ಞಾನ ಸಂಘಕ್ಕೆ ಒಂದು ಟೆಲಿಸ್ಕೋಪ್ ಕೊಡಿಸಲು ಹಳೆ ವಿದ್ಯಾರ್ಥಿಗಳು ಮುಂದೆ ಬಂದಿರುವ ವಿಷಯ ನಿಮಗೆಲ್ಲ ಗೊತ್ತೇ ಇದೆ. ಯಾವುದು ಬೇಕೆಂದು ವಿದ್ಯಾರ್ಥಿಗಳೇ ತೀರ್ಮಾನಿಸಲಿ ಎಂದು ಪ್ರಾಂಶುಪಾಲರು ಅಸೆಂಬ್ಲಿಯಲ್ಲಿ ಹೇಳಿದ್ದಾರೆ. ಅಂದಿನಿಂದ ಲ್ಯಾಬ್‌ನಲ್ಲೂ ಕ್ಯಾಂಟೀನಿನಲ್ಲೂ ಒಂದೇ ಮಾತು: "ತರಿಸುವುದಾದರೆ ಎಂಟು ಇಂಚಿನದ್ದೇ ತರಿಸೋಣ. ನೆಬ್ಯುಲಾ, ಗೆಲಾಕ್ಸಿಗಳ ಫೋಟೊ ತೆಗೆದು ವಾರ್ಷಿಕೋತ್ಸವದಲ್ಲಿ ಪ್ರದರ್ಶನ ಇಡೋಣ."

ಫೋಟೊ ತೆಗೆಯುವ ಆಸೆ ನನಗೂ ಇದೆ. ಕಳೆದ ಎರಡು ವರ್ಷಗಳಿಂದ ನಮ್ಮ ಮನೆಯ ತಾರಸಿಯಲ್ಲಿ ನಾನು ಮಾಡುತ್ತಿರುವುದೂ ಅದೇ ಕೆಲಸ. ಹಾಗಾಗಿಯೇ ಹೇಳುತ್ತಿದ್ದೇನೆ: ಫೋಟೊ ನಮ್ಮ ಉದ್ದೇಶವಾದರೆ ಎಂಟು ಇಂಚಿನ ಟೆಲಿಸ್ಕೋಪ್ ಬೇಡ. ಅದೇ ಹಣದಲ್ಲಿ ಒಳ್ಳೆಯ ಟ್ರ್ಯಾಕಿಂಗ್ ಮೌಂಟ್, ಹಳೆಯದೊಂದು ಡಿಎಸ್‌ಎಲ್‌ಆರ್, 200 ಮಿ.ಮೀ. ಲೆನ್ಸ್ ತರಿಸೋಣ. ಇದಕ್ಕೆ ನನ್ನಲ್ಲಿ ಎರಡು ಕಾರಣಗಳಿವೆ. ಒಂದು ಭೌತಶಾಸ್ತ್ರದ್ದು, ಇನ್ನೊಂದು ನಮ್ಮ ಕಾಲೇಜಿನದ್ದು.

ಮೊದಲು ಭೌತಶಾಸ್ತ್ರ. ಆಕಾಶದ ಮಂದ ವಸ್ತುಗಳ ಫೋಟೊ ತೆಗೆಯಲು ಕ್ಯಾಮೆರಾ ತುಂಬ ಹೊತ್ತು ಕಣ್ಣು ತೆರೆದಿರಬೇಕು. ಆದರೆ ಭೂಮಿ ಸುಮ್ಮನೆ ನಿಲ್ಲುವುದಿಲ್ಲ. ಅದು ಗಂಟೆಗೆ 15 ಡಿಗ್ರಿ ತಿರುಗುವುದರಿಂದ ನಕ್ಷತ್ರಗಳೂ ಅಷ್ಟೇ ವೇಗದಲ್ಲಿ ಪಶ್ಚಿಮಕ್ಕೆ ಸರಿಯುತ್ತವೆ. 200 ಮಿ.ಮೀ. ಲೆನ್ಸನ್ನು ಸಾಧಾರಣ ಸ್ಟ್ಯಾಂಡ್ ಮೇಲಿಟ್ಟರೆ ಒಂದೂವರೆ ಸೆಕೆಂಡಿಗೇ ನಕ್ಷತ್ರ ಚುಕ್ಕೆಯಾಗಿ ಉಳಿಯದೆ ಗೆರೆಯಾಗುತ್ತದೆ. ಎಂಟು ಇಂಚಿನ, 1200 ಮಿ.ಮೀ. ಫೋಕಲ್ ಲೆಂತ್ ಇರುವ ಟೆಲಿಸ್ಕೋಪಿಗೆ ಅಷ್ಟು ಸಮಯವೂ ಸಿಗುವುದಿಲ್ಲ. ವಸ್ತುವನ್ನು ಎಷ್ಟು ಹಿಗ್ಗಿಸುತ್ತೇವೋ ಅದರ ಚಲನೆಯೂ ಅಷ್ಟೇ ಹಿಗ್ಗುತ್ತದೆ.

ಟ್ರ್ಯಾಕರ್ ಎಂಬ ಪುಟ್ಟ ಯಂತ್ರ ಮಾಡುವುದಿಷ್ಟೆ: ಭೂಮಿ ತಿರುಗುವ ವೇಗದಲ್ಲೇ ಅದರ ವಿರುದ್ಧ ದಿಕ್ಕಿಗೆ ಕ್ಯಾಮೆರಾವನ್ನು ತಿರುಗಿಸುತ್ತದೆ. ಅದರ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ನಿಂತರೆ ನನ್ನ ಲೆನ್ಸಿಗೆ ಒಂದೂವರೆ ಸೆಕೆಂಡಿನ ಬದಲು 60 ಸೆಕೆಂಡು ಸಿಗುತ್ತದೆ. ಉತ್ತರ ದೇಶಗಳವರು ಧ್ರುವ ನಕ್ಷತ್ರವನ್ನು ನೋಡಿ ಈ ಅಕ್ಷವನ್ನು ಹೊಂದಿಸುತ್ತಾರೆ. ಮಂಗಳೂರು ಕಡೆಯ ನಮಗೆ ಅದು ಸುಲಭವಲ್ಲ. ನಾವಿರುವುದು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ. ಆದ್ದರಿಂದ ಧ್ರುವ ನಕ್ಷತ್ರವೂ ದಿಗಂತದಿಂದ ಬರೀ 13 ಡಿಗ್ರಿ ಮೇಲಿರುತ್ತದೆ. ನಮ್ಮ ಮನೆಯಲ್ಲಿ ಅದು ಪಕ್ಕದವರ ತೆಂಗಿನ ಗರಿಗಳ ಹಿಂದೆ. ಕಾಲೇಜಿನ ಮೈದಾನದಿಂದ ನೋಡಿದರೆ ಆಡಿಟೋರಿಯಂ ಹಿಂದೆ. ಹಾಗಾಗಿ ದಿಕ್ಸೂಚಿ ಹಿಡಿದು ಅಂದಾಜಿಗೆ ಹೊಂದಿಸಿ, ಒಂದು ನಕ್ಷತ್ರ ಯಾವ ಕಡೆ ಜಾರುತ್ತದೆಂದು ನೋಡುತ್ತ ಸ್ವಲ್ಪ ಸ್ವಲ್ಪವೇ ತಿದ್ದಬೇಕು. ಚಿಕ್ಕ ಲೆನ್ಸ್ ಇಂಥ ಸಣ್ಣಪುಟ್ಟ ವ್ಯತ್ಯಾಸವನ್ನು ಕ್ಷಮಿಸುತ್ತದೆ. ದೊಡ್ಡ ಟೆಲಿಸ್ಕೋಪ್ ಕ್ಷಮಿಸುವುದಿಲ್ಲ. ಅದನ್ನು ಹೊತ್ತು ಅಲುಗದೆ ತಿರುಗುವ ಮೌಂಟಿನ ಬೆಲೆ ಟೆಲಿಸ್ಕೋಪಿಗಿಂತಲೂ ಹೆಚ್ಚು.

"ಚಿಕ್ಕ ಲೆನ್ಸಿನಲ್ಲಿ ಏನು ಕಾಣುತ್ತದೆ?" ಎಂದು ಕೇಳುವವರಿಗೆ ಆಂಡ್ರೊಮಿಡಾ ಗೆಲಾಕ್ಸಿಯ ಉದಾಹರಣೆ ಕೊಡುತ್ತೇನೆ. ಅದು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದ್ದರೂ ಆಕಾಶದಲ್ಲಿ ಸುಮಾರು 3 ಡಿಗ್ರಿ ಅಗಲವಿದೆ. ಎಂದರೆ ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು. ಎಂಟು ಇಂಚಿನ ಟೆಲಿಸ್ಕೋಪಿಗೆ ಡಿಎಸ್‌ಎಲ್‌ಆರ್ ಸಿಕ್ಕಿಸಿದರೆ ಚೌಕಟ್ಟಿನಲ್ಲಿ ಸಿಗುವುದು ಸುಮಾರು ಒಂದು ಡಿಗ್ರಿ ಮಾತ್ರ. ಗೆಲಾಕ್ಸಿಯ ನಡುಭಾಗ ಬಿಟ್ಟು ಉಳಿದದ್ದೆಲ್ಲ ಹೊರಗೆ. 200 ಮಿ.ಮೀ. ಲೆನ್ಸಿನಲ್ಲಿ ಆರು ಡಿಗ್ರಿ ಸಿಗುತ್ತದೆ, ಇಡೀ ಗೆಲಾಕ್ಸಿ ಆರಾಮವಾಗಿ ಕೂರುತ್ತದೆ. ಕ್ರಿ.ಶ. 964ರ ಸುಮಾರಿಗೆ ಪರ್ಷಿಯಾದ ಅಬ್ದುರ್ರಹ್ಮಾನ್ ಅಲ್-ಸೂಫಿ ತಮ್ಮ ಸ್ಥಿರ ನಕ್ಷತ್ರಗಳ ಗ್ರಂಥದಲ್ಲಿ ಇದನ್ನೇ ಒಂದು ಪುಟ್ಟ ಮೋಡವೆಂದು ದಾಖಲಿಸಿದ್ದರು. ಆಗ ಯಾವ ಟೆಲಿಸ್ಕೋಪೂ ಇರಲಿಲ್ಲ. ಅವರಲ್ಲಿದ್ದದ್ದು ಕತ್ತಲೆಯ ಆಕಾಶ ಮತ್ತು ತಾಳ್ಮೆ.

ಕೃತ್ತಿಕಾ ಪುಂಜಕ್ಕೆ ಅರಬ್ಬಿಯಲ್ಲಿ ಸುರಯ್ಯಾ ಎಂದು ಹೆಸರು. ಆ ಹೆಸರಿನವರು ನಮ್ಮ ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಇರುತ್ತಾರೆ. ಆ ಪುಂಜವೂ ಅದನ್ನು ಸುತ್ತಿರುವ ನೀಲಿ ಧೂಳೂ ಇದೇ ಲೆನ್ಸಿಗೆ ಸಿಗುತ್ತವೆ. ಮೃಗಶಿರದ ದೊಡ್ಡ ನೀಹಾರಿಕೆಯೂ ಸಿಗುತ್ತದೆ. ಧ್ರುವ ನಕ್ಷತ್ರ ತಗ್ಗಿನಲ್ಲಿದ್ದದ್ದರ ಲಾಭ ದಕ್ಷಿಣದಲ್ಲಿದೆ: ಲಂಡನ್ನಿನಲ್ಲಿ ಎಂದೂ ಉದಯಿಸದ ಒಮೆಗಾ ಸೆಂಟಾರಿ ನಮಗೆ ಏಪ್ರಿಲ್-ಮೇ ತಿಂಗಳಲ್ಲಿ ದಕ್ಷಿಣ ದಿಗಂತದಿಂದ ಸುಮಾರು 30 ಡಿಗ್ರಿ ಎತ್ತರಕ್ಕೆ ಬರುತ್ತದೆ. ಸುಮಾರು ಒಂದು ಕೋಟಿ ನಕ್ಷತ್ರಗಳ ಗುಂಪು ಅದು.

ಚಿಕ್ಕ ಉಪಕರಣದಿಂದ ಹೊಸದೇನೂ ಸಿಗುವುದಿಲ್ಲ ಎಂಬ ಮಾತೂ ಸರಿಯಲ್ಲ. 2023ರ ಜನವರಿಯಲ್ಲಿ ಮಾರ್ಸೆಲ್ ಡ್ರೆಕ್ಸ್‌ಲರ್, ಕ್ಸೇವಿಯರ್ ಸ್ಟ್ರಾಟ್ನರ್, ಯಾನ್ ಸೇಂಟಿ ಎಂಬ ಹವ್ಯಾಸಿಗಳು ಆಂಡ್ರೊಮಿಡಾದ ಪಕ್ಕದಲ್ಲೇ ಆಮ್ಲಜನಕದ ಬೆಳಕು ಸೂಸುವ ಬೃಹತ್ ಕಮಾನೊಂದನ್ನು ಪ್ರಕಟಿಸಿದರು. ಜಗತ್ತಿನಲ್ಲಿ ಅತಿ ಹೆಚ್ಚು ಫೋಟೊ ತೆಗೆಸಿಕೊಂಡ ಗೆಲಾಕ್ಸಿಗಳಲ್ಲಿ ಅದೂ ಒಂದು; ಆದರೂ ಅಲ್ಲಿಯವರೆಗೆ ಯಾರೂ ಈ ಕಮಾನನ್ನು ಕಂಡಿರಲಿಲ್ಲ. ಅವರು ಬಳಸಿದ ಉಪಕರಣ ಅಗ್ಗದ್ದೇನಲ್ಲ, ಒಪ್ಪುತ್ತೇನೆ. ಆದರೆ ಅದರ ಗಾಜಿನ ಅಗಲ 106 ಮಿ.ಮೀ., ಸುಮಾರು ನಾಲ್ಕು ಇಂಚು. ಉಳಿದದ್ದನ್ನು ಮಾಡಿದ್ದು ನೂರು ಗಂಟೆಗೂ ಮೀರಿದ ಎಕ್ಸ್‌ಪೋಜರ್.

ಈಗ ನಮ್ಮ ಕಾಲೇಜಿನ ಕಾರಣಕ್ಕೆ ಬರುತ್ತೇನೆ. ನನಗೆ ಹೆಚ್ಚು ಮುಖ್ಯವಾದದ್ದು ಇದೇ.

ದೊಡ್ಡ ಟೆಲಿಸ್ಕೋಪಿನ ಸುತ್ತ ರಾತ್ರಿ ಯಾರು ನಿಂತಿರುತ್ತಾರೆ? ಮೈದಾನದ ಹತ್ತಿರ ಮನೆಯಿರುವ ಹುಡುಗರು ಮತ್ತು ಬಾಯ್ಸ್ ಹಾಸ್ಟೆಲಿನವರು. ಹುಡುಗಿಯರಲ್ಲಿ ಹೆಚ್ಚಿನವರು ನಾಲ್ಕೂವರೆಯ ಬಸ್ಸಿಗೆ ಊರಿಗೆ ಹೋಗಿರುತ್ತಾರೆ. ಹಾಸ್ಟೆಲಿನ ಹುಡುಗಿಯರಿಗೆ ಮಗ್ರಿಬ್ ಆದ ಮೇಲೆ ಗೇಟು ದಾಟುವಂತಿಲ್ಲ. ಆ ನಿಯಮದ ಚರ್ಚೆ ಇನ್ನೊಂದು ಸಂಚಿಕೆಗಿರಲಿ. ಈಗ ಇರುವ ಪರಿಸ್ಥಿತಿಯಲ್ಲಿ ಕಾಲೇಜಿನ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆ ಟೆಲಿಸ್ಕೋಪ್ ಹಗಲಲ್ಲಿ ಕಪಾಟಿನ ಗಾಜಿನಾಚೆ ಕಾಣುವ ವಸ್ತುವಾಗಿಯೇ ಉಳಿಯುತ್ತದೆ.

ಆದರೆ ಆಕಾಶದ ಫೋಟೊ ರಾತ್ರಿ ಮುಗಿಯುವುದಿಲ್ಲ. ನಿಜ ಹೇಳಬೇಕೆಂದರೆ ಅರ್ಧ ಕೆಲಸ ಮರುದಿನ ಹಗಲಿನಲ್ಲಿ ಶುರುವಾಗುತ್ತದೆ. 60 ಸೆಕೆಂಡಿನ ಒಂದು ಚಿತ್ರದಲ್ಲಿ ಗೆಲಾಕ್ಸಿಗಿಂತ ಗದ್ದಲವೇ, ಅಂದರೆ ಮರಳು ಚೆಲ್ಲಿದಂತಹ ಚುಕ್ಕೆಗಳೇ ಹೆಚ್ಚು. ಅಂಥ 64 ಚಿತ್ರಗಳನ್ನು ನಕ್ಷತ್ರದ ಮೇಲೆ ನಕ್ಷತ್ರ ಬರುವಂತೆ ಜೋಡಿಸಿ ಸರಾಸರಿ ತೆಗೆದರೆ ಗದ್ದಲ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಎಂಟು ಯಾಕೆ? 64ರ ವರ್ಗಮೂಲ ಎಂಟು. ಸಂಖ್ಯಾಶಾಸ್ತ್ರ ತೆಗೆದುಕೊಂಡ ಕಾಮರ್ಸ್ ಗೆಳತಿಯರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಲೆನ್ಸಿಗೆ ಮುಚ್ಚಳ ಹಾಕಿ ತೆಗೆದ ಕಪ್ಪು ಚಿತ್ರಗಳನ್ನು ಕಳೆಯಬೇಕು. ಅದರಿಂದ ಸೆನ್ಸಾರಿನದೇ ಕಲೆಗಳು ಹೋಗುತ್ತವೆ. ಬಿಳಿ ಬಟ್ಟೆ ಕಟ್ಟಿ ತೆಗೆದ ಚಿತ್ರಗಳಿಂದ ಭಾಗಿಸಬೇಕು. ಅದರಿಂದ ಮೂಲೆಗಳ ಮಬ್ಬು ಹೋಗುತ್ತದೆ. ಇದಕ್ಕೆ ಬೇಕಾದ ಡೀಪ್‌ಸ್ಕೈಸ್ಟ್ಯಾಕರ್, ಸಿರಿಲ್, ಗಿಂಪ್ ಎಲ್ಲವೂ ಉಚಿತ ತಂತ್ರಾಂಶಗಳು. ನಮ್ಮ ಕಂಪ್ಯೂಟರ್ ಲ್ಯಾಬ್‌ನಲ್ಲಿ ಊಟದ ಬಿಡುವಿನಲ್ಲಿ ಮಾಡಬಹುದಾದ ಕೆಲಸ ಇದು.

ಹಗಲಿನ ಕೆಲಸ ಎರಡನೇ ದರ್ಜೆಯದ್ದು ಎಂದು ಯಾರೂ ತಿಳಿಯಬೇಡಿ. ಕುದುರೆ ತಲೆಯಾಕಾರದ ಪ್ರಸಿದ್ಧ ನೀಹಾರಿಕೆಯನ್ನು 1888ರಲ್ಲಿ ಗುರುತಿಸಿದ್ದು ಹಾರ್ವರ್ಡ್ ವೀಕ್ಷಣಾಲಯದ ವಿಲಿಯಮಿನಾ ಫ್ಲೆಮಿಂಗ್. ಮೊದಲು ಅಲ್ಲಿನ ನಿರ್ದೇಶಕರ ಮನೆಕೆಲಸಕ್ಕಿದ್ದ ಆಕೆ ಅದನ್ನು ಕಂಡದ್ದು ಬೇರೆಯವರು ತೆಗೆದಿದ್ದ ಗಾಜಿನ ಫಲಕದಲ್ಲಿ. ಅದೇ ವೀಕ್ಷಣಾಲಯದಲ್ಲಿ ಫಲಕಗಳನ್ನು ಅಳೆಯುತ್ತ ಕೂತ ಹೆನ್ರಿಯೆಟ್ಟಾ ಲೆವಿಟ್ 1912ರಲ್ಲಿ ಸೆಫಿಡ್ ನಕ್ಷತ್ರಗಳ ಮಿನುಗುವ ಅವಧಿಗೂ ಅವುಗಳ ಪ್ರಕಾಶಕ್ಕೂ ಇರುವ ಸಂಬಂಧವನ್ನು ಪ್ರಕಟಿಸಿದರು. 1923ರಲ್ಲಿ ಎಡ್ವಿನ್ ಹಬಲ್ ಆಂಡ್ರೊಮಿಡಾದಲ್ಲಿ ಒಂದು ಸೆಫಿಡ್ ಕಂಡಾಗ, ಅದು ನಮ್ಮ ಕ್ಷೀರಪಥದ ಆಚೆಗಿನ ಬೇರೆಯೇ ಗೆಲಾಕ್ಸಿ ಎಂದು ಲೆಕ್ಕ ಹಾಕಿದ್ದು ಲೆವಿಟ್ ಅವರ ಸೂತ್ರದಿಂದ. ಇಂದಿಗೂ ಲಡಾಖಿನ ಹಾನ್ಲೆಯಲ್ಲಿ 4500 ಮೀಟರ್ ಎತ್ತರದಲ್ಲಿರುವ 2 ಮೀಟರಿನ ಹಿಮಾಲಯನ್ ಚಂದ್ರ ಟೆಲಿಸ್ಕೋಪನ್ನು ನಡೆಸುವುದು ಬೆಂಗಳೂರಿನ ಹತ್ತಿರದ ಹೊಸಕೋಟೆಯಿಂದ. ವಿಜ್ಞಾನಿಗಳೇ ಟೆಲಿಸ್ಕೋಪಿನ ಪಕ್ಕ ನಿಂತಿರಬೇಕಾಗಿಲ್ಲದಿರುವಾಗ ನಮ್ಮ ಸಂಘಕ್ಕೆ ಆ ಷರತ್ತು ಯಾಕೆ?

ಇದಕ್ಕೆ ಎದುರಾಗಿ ನಾನು ಕೇಳಿದ ಮೂರು ಮಾತುಗಳಿಗೆ ಉತ್ತರಿಸಬೇಕು.

ಮೊದಲನೆಯದು, "ಇದೆಲ್ಲ ಫೋಟೊಶಾಪ್, ಕಣ್ಣಿಗೆ ಅಂಥ ಬಣ್ಣ ಕಾಣುವುದಿಲ್ಲವಲ್ಲ." ಕಾಣುವುದಿಲ್ಲ, ನಿಜ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿನ ದಂಡಕೋಶಗಳು ಮಾತ್ರ ಕೆಲಸ ಮಾಡುತ್ತವೆ, ಅವು ಬಣ್ಣ ಗುರುತಿಸಲಾರವು ಎಂದು ಜೀವಶಾಸ್ತ್ರದಲ್ಲೇ ಓದಿದ್ದೇವೆ. ಆದರೆ ಬಣ್ಣ ಅಲ್ಲಿದೆ. ಮೃಗಶಿರ ನೀಹಾರಿಕೆಯ ಕೆಂಪು ಜಲಜನಕದ್ದು, 656.3 ನ್ಯಾನೋಮೀಟರಿನದ್ದು. ಅಡಗಿರುವ ಬೆಳಕನ್ನು ಎತ್ತಿ ತೋರಿಸುವುದು ಒಂದು, ಇಲ್ಲದ್ದನ್ನು ಬರೆಯುವುದು ಇನ್ನೊಂದು. ಕೆಲವು ಮೊಬೈಲ್‌ಗಳು ಚಂದ್ರನ ಮೇಲೆ ಲೆನ್ಸಿಗೆ ಕಾಣದ ಕುಳಿಗಳನ್ನೂ ತಾವೇ ತುಂಬಿಸುತ್ತವೆ. ಎಐಗೆ ಒಂದು ಸಾಲು ಬರೆದರೆ ಇಡೀ ಗೆಲಾಕ್ಸಿಯೇ ತಯಾರು. ಅದಕ್ಕೇ ನಮ್ಮ ಸಂಘಕ್ಕೊಂದು ನಿಯಮ ಇರಲಿ: ಪ್ರದರ್ಶನಕ್ಕಿಡುವ ಪ್ರತಿ ಚಿತ್ರದ ಕೆಳಗೆ ಎಷ್ಟು ಎಕ್ಸ್‌ಪೋಜರ್, ಯಾವ ದಿನ, ಏನೇನು ತಿದ್ದುಪಡಿ ಎಂಬುದನ್ನು ಬರೆಯಬೇಕು. ಮೂಲ ಕಡತಗಳನ್ನು ಕೇಳಿದವರಿಗೆಲ್ಲ ತೋರಿಸಬೇಕು. ಸುಳ್ಳು ಚಿತ್ರಗಳ ಈ ಕಾಲದಲ್ಲಿ ಒಂದು ಚಿತ್ರಕ್ಕೆ ಲೆಕ್ಕ ಕೊಡುವುದನ್ನು ಕಲಿತರೆ ಅದೇ ದೊಡ್ಡ ಪಾಠ.

ಎರಡನೆಯದು, "ಸಿಇಟಿ, ನೀಟ್ ವರ್ಷದಲ್ಲಿ ಇದೆಲ್ಲ ಯಾಕೆ?" ನನ್ನ ಮನೆಯಲ್ಲೂ ಉಮ್ಮ ಕೇಳುವ ಪ್ರಶ್ನೆ ಇದು. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶವೇ ರಜೆಯಲ್ಲಿರುತ್ತದೆ. ಉಳಿದ ತಿಂಗಳಲ್ಲೂ ಚಂದ್ರನಿಲ್ಲದ, ಮೋಡವಿಲ್ಲದ ರಾತ್ರಿಗಳು ಬೆರಳೆಣಿಕೆಯಷ್ಟೇ. ಸೂರ್ಯ ದಿಗಂತದಿಂದ 18 ಡಿಗ್ರಿ ಕೆಳಗಿಳಿದಾಗ ಆಕಾಶ ಪೂರ್ತಿ ಕತ್ತಲಾಗುತ್ತದೆ. ಹೆಚ್ಚುಕಡಿಮೆ ಇಶಾದ ಬಾಂಗ್ ಆಗುವ ಹೊತ್ತು. ಆಗ ಶುರು ಮಾಡಿದರೆ ಹತ್ತು ಗಂಟೆಯೊಳಗೆ ನೂರು ಚಿತ್ರಗಳಾಗುತ್ತವೆ. ಕ್ಯಾಮೆರಾ ತನ್ನಷ್ಟಕ್ಕೆ ಕ್ಲಿಕ್ಕಿಸುತ್ತಿರುವಾಗ ನಾನು ಪಕ್ಕದಲ್ಲೇ ಕೂತು ಲೆಕ್ಕ ಬಿಡಿಸುತ್ತೇನೆ. ನಡುನಡುವೆ ಲೆನ್ಸಿಗೆ ಇಬ್ಬನಿ ಹಿಡಿದಿದೆಯೇ ಎಂದು ನೋಡಿದರೆ ಸಾಕು.

ಮೂರನೆಯದು, "ದೊಡ್ಡ ಟೆಲಿಸ್ಕೋಪಿನಲ್ಲಿ ಕಣ್ಣಿಟ್ಟು ನೋಡುವ ಖುಷಿ ಫೋಟೊದಲ್ಲಿ ಎಲ್ಲಿದೆ?" ಈ ಮಾತಿಗೆ ನಾನು ಅರ್ಧ ಸೋಲುತ್ತೇನೆ. ಶನಿಯ ಬಳೆಯನ್ನು ಸ್ವಂತ ಕಣ್ಣಿನಿಂದ ನೋಡುವುದಕ್ಕೆ ಸಮನಾದದ್ದು ಬೇರೆ ಇಲ್ಲ, ಅದಕ್ಕೆ ಎಂಟು ಇಂಚಿನದ್ದು ನಿಜಕ್ಕೂ ಚೆನ್ನ. ಆದರೆ ಆ ಖುಷಿಗೆ ವರ್ಷಕ್ಕೆರಡು ರಾತ್ರಿ ಯಾರಿಂದಾದರೂ ಟೆಲಿಸ್ಕೋಪ್ ಎರವಲು ತರಬಹುದು. ನಾಲ್ಕು ತಿಂಗಳ ಮಳೆಗಾಲದ ತೇವದಲ್ಲಿ ಅದರ ಕನ್ನಡಿ ಹಾಳಾಗದಂತೆ ಕಾಯುವುದು ಯಾರು? ಚಿಕ್ಕ ಲೆನ್ಸನ್ನಾದರೆ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಟ್ಟು ಫಂಗಸ್ ಬಾರದಂತೆ ಕಾಪಾಡಬಹುದು.

ನನ್ನ ಸಲಹೆ ಇಷ್ಟು. ಹಳೆ ವಿದ್ಯಾರ್ಥಿಗಳ ಹಣದಲ್ಲಿ ಮೌಂಟ್, ಕ್ಯಾಮೆರಾ, ಲೆನ್ಸ್ ತರಿಸೋಣ. ಅವು ಒಂದು ಬ್ಯಾಗಿನಲ್ಲಿ ಹಿಡಿಯುವುದರಿಂದ ಲೈಬ್ರರಿ ಪುಸ್ತಕದಂತೆ ರಿಜಿಸ್ಟರಿನಲ್ಲಿ ಬರೆದು ಮನೆಗೆ ಕೊಡಬಹುದು. ಊರಿನ ಕತ್ತಲೆ ಇರುವವರ ತಾರಸಿಗೆ, ಅಂಗಳಕ್ಕೆ ಅದು ಹೋಗಲಿ. ಹುಡುಗಿಯರೂ ತಮ್ಮ ಮನೆಯಲ್ಲೇ ಫೋಟೊ ತೆಗೆಯಲಿ. ಅವರು ತಂದ ಕಡತಗಳನ್ನು ಲ್ಯಾಬ್‌ನಲ್ಲಿ ಎಲ್ಲರೂ ಸೇರಿ ಜೋಡಿಸೋಣ. ಚಿತ್ರದ ಕೆಳಗೆ ತೆಗೆದವರ ಹೆಸರೂ ಜೋಡಿಸಿದವರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿರಲಿ.

ಜೊತೆಗೆ ಆಡಳಿತ ಮಂಡಳಿಗೆ ಒಂದು ವಿನಂತಿ. ಹೊಸ ಕಟ್ಟಡದ ಮುಂಭಾಗದ ದೀಪಗಳು ರಾತ್ರಿಯಿಡೀ ಆಕಾಶಕ್ಕೆ ಮುಖ ಮಾಡಿ ಉರಿಯುತ್ತವೆ. ಭದ್ರತೆಗೆ ಬೇಕಾದ ಗೇಟಿನ, ದಾರಿಯ ದೀಪಗಳು ಇರಲಿ. ಅವುಗಳಿಗೆ ಮೇಲಿನಿಂದ ಮುಚ್ಚಿಗೆ ಹಾಕಿಸಿದರೆ ನೆಲಕ್ಕೆ ಇನ್ನೂ ಚೆನ್ನಾಗಿ ಬೆಳಕು ಬೀಳುತ್ತದೆ. ಅಲಂಕಾರದ ದೀಪಗಳನ್ನು ಒಂಬತ್ತು ಗಂಟೆಗೆ ಆರಿಸಿದರೆ ಕರೆಂಟು ಬಿಲ್ಲೂ ಇಳಿಯುತ್ತದೆ. ಈ ಒಂದು ಉಪಕರಣಕ್ಕೆ ಯಾರೂ ದೇಣಿಗೆ ಕೊಡಬೇಕಾಗಿಲ್ಲ, ಸ್ವಿಚ್ ಒತ್ತಿದರೆ ಸಾಕು.

ತೀರ್ಮಾನ ಈ ತಿಂಗಳ ಕೊನೆಗೆ ಸಂಘದ ಸಭೆಯಲ್ಲಿ ಆಗಲಿದೆ. ನನ್ನ ಮಾತು ಒಪ್ಪದವರೂ ದಯವಿಟ್ಟು ಬನ್ನಿ. ವಿಶೇಷವಾಗಿ ರಾತ್ರಿ ಬರಲಾಗದವರು ಬನ್ನಿ. ಸಭೆ ಮಧ್ಯಾಹ್ನ ಎರಡು ಗಂಟೆಗೆ.

— ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿ